ಕಡಲೆಕಾಯಿ ಸಿಪ್ಪೆಯ ಬೆಳಕು

ಬರಗೂರಿನ ಪಕ್ಕದ ಹಟ್ಟಿಯಲ್ಲಿ ಕುರಿ ಕಾಯುವ ಕೊಲ್ಲಾಪುರಮ್ಮನ ಮಗಳು ಗಂಗಾಲಕ್ಷ್ಮಿಗೆ ಸಂಜೆ ಹೊತ್ತಿಗೆ ಹೆರಿಗೆ ನೋವು ಬಂತು. ಊರಿನ ಆರೋಗ್ಯ ಕೇಂದ್ರ ಸೇರುವಷ್ಟರಲ್ಲಿ ಬಿರುಗಾಳಿ ಎದ್ದು, ಕಂಬಗಳು ಉರುಳಿ ಕರೆಂಟು ಹೋಯಿತು.

"ಕತ್ತಲಲ್ಲಿ ಹೆಂಗಮ್ಮ ಹೆರಿಗೆ ಮಾಡ್ಸೋದು?" ಎಂದು ನರ್ಸಮ್ಮ ಕಂಗಾಲಾದಳು.

ಕೊಲ್ಲಾಪುರಮ್ಮ ಪಕ್ಕದ ಶೆಡ್ಡಿಗೆ ಓಡಿದಳು. ಅಲ್ಲಿ ಜಯರಾಮು ಕಡಲೆಕಾಯಿ ಸಿಪ್ಪೆ, ಜಾಲಿ ಕಡ್ಡಿಯನ್ನು ಮುಚ್ಚಿದ ಒಲೆಯಲ್ಲಿ ಅರೆಬರೆ ಸುಟ್ಟು, ಅದರಿಂದೇಳುವ ಗ್ಯಾಸಿನಿಂದ ಇಂಜಿನ್ ಓಡಿಸಿ ಹಿಟ್ಟಿನ ಗಿರಣಿಗೆ ಕರೆಂಟು ಕೊಡುತ್ತಿದ್ದ.

"ಹೆರಿಗೆಗೆ ಬೆಳಕಿಲ್ಲ, ನನ್ನ ಮಗಳನ್ನ ಉಳಿಸ್ಕೊಡಪ್ಪ!"

"ಹೆದರ್ಬ್ಯಾಡ ಕಣಮ್ಮ" ಎಂದವನೇ ಗಿರಣಿ ನಿಲ್ಲಿಸಿ, ಆ ಗಾಳಿಯಲ್ಲೇ ಆರೋಗ್ಯ ಕೇಂದ್ರಕ್ಕೆ ವೈರು ಎಳೆದ. ದೀಪ ಹತ್ತಿತು. ಅದು ಆರದಂತೆ ಕೊಲ್ಲಾಪುರಮ್ಮ ಬುಟ್ಟಿ ಬುಟ್ಟಿ ಸಿಪ್ಪೆ ಹೊತ್ತು ತಂದು ಕೊಡುತ್ತಲೇ ಇದ್ದಳು. ಗಾಳಿ ತಗ್ಗುವ ಹೊತ್ತಿಗೆ ಮಗುವಿನ ಅಳು ಕೇಳಿಸಿತು.

ಮಗುವಿಗೆ ಹೆಸರಿಟ್ಟ ದಿನ ಕೊಲ್ಲಾಪುರಮ್ಮ, ತೀರಿಹೋದ ತನ್ನ ಗಂಡ ನೇಯ್ದಿದ್ದ ಕಂಬಳಿಯನ್ನು ಶೆಡ್ಡಿಗೆ ತಂದು ಜಯರಾಮುವಿನ ಹೆಗಲಿಗೆ ಹೊದಿಸಿದಳು.

"ಅಯ್ಯೋ, ಈ ಇಂಜಿನ್ ಬಿಸೀಲಿ ಕಂಬ್ಳಿ ಯಾಕಮ್ಮ?"

"ಹೊದ್ಕೋ ಕಣಪ್ಪ. ನನ್ನ ಮೊಮ್ಮಗಳು ಈ ಲೋಕದಾಗೆ ಮೊದ್ಲು ಕಂಡಿದ್ದು ನೀನು ಕೊಟ್ಟ ಬೆಳಕ್ನ."

ಬೆವರೊರೆಸಿಕೊಳ್ಳುತ್ತಲೇ ಅವನು ಕಂಬಳಿಯನ್ನು ಎದೆಗೆಳೆದುಕೊಂಡ. ಕೊಲ್ಲಾಪುರಮ್ಮನ ಕಣ್ಣು ತುಂಬಿ ಬಂತು.