ಬಂದಷ್ಟೂ ಹೋಗುವ ನೀರು

ಏಳಲೆಂದು ಚಿಕ್ಕಲಕ್ಷ್ಮಮ್ಮ ನೆಲಕ್ಕೆ ಕೈಯೂರಿದರೆ, ಗಂಡನ ಅಕ್ಕ ಬೋರಮ್ಮ ಹೆಗಲೊತ್ತಿ ಮತ್ತೆ ಕೂರಿಸಿಬಿಟ್ಟಳು.

"ಎಲ್ಲಿಗೋಯ್ತೀಯವ್ವ? ಮಣ್ಣಿಗೆ ಹೊರಡೋಗಂಟ ಅವನ ತಲೆದೆಸೆ ಬುಟ್ಟು ಏಳ್ಬಾರ್ದು."

ಇದು ಮೂರನೆಯ ಸಲ. ಮುಂದೆ ಗಂಡ ಮುನಿಶಾಮಯ್ಯನ ದೇಹ. ಸುತ್ತ ಕೈಲಾಂಚ ಊರಿನ ಹೆಂಗಸರು ಮಂಡಿಗೆ ಮಂಡಿ ತಾಗಿಸಿ ಕೂತಿದ್ದರು. ಅವರ ತಲೆಗಳ ಮೇಲಿಂದ ಎದುರು ಗೋಡೆಯ ಮೀನಿನ ತೊಟ್ಟಿ ಕಾಣುತ್ತಿತ್ತು. ಗಾಜಿನ ಅಂಚಿಗಿಂತ ಮೂರು ಬೆರಳು ಕೆಳಗೆ ನಿಲ್ಲಬೇಕಾದ ನೀರು ಅಂಚಿಗೇ ಬಂದು ಉಬ್ಬಿ ನಿಂತಿತ್ತು. ಛಾವಣಿಯ ಟ್ಯಾಂಕಿನಿಂದ ಹೊಸ ನೀರು ಸಣ್ಣ ಟ್ಯೂಬಿನಲ್ಲಿ ತೊಟ್ಟಿಕ್ಕುತ್ತಲೇ ಇತ್ತು. ಹೆಚ್ಚಾದದ್ದನ್ನು ಕಿಟಕಿಯಾಚೆ ಹಿತ್ತಲಿಗೆ ಒಯ್ಯುವ ಪೈಪು ಮಾತ್ರ ಸುಮ್ಮನಿತ್ತು. ಶಾಮಿಯಾನದವರು ಕುರ್ಚಿಗಳನ್ನು ದಡದಡ ಇಳಿಸಿದ ಸದ್ದು ಆ ಕಡೆಯಿಂದಲೇ ಬಂದಿತ್ತು.

ಗಂಡ ಸತ್ತ ದಿನ ಮೀನಿನ ಮಾತನ್ನು ಯಾವ ಬಾಯಲ್ಲಿ ಎತ್ತುವುದು? ಏಳು ಕೆಂಪು ಮೀನುಗಳೂ ಮೇಲಕ್ಕೆ ಬಂದು ಅಂಚನ್ನು ಮೂಸಿ ನೋಡುತ್ತಿದ್ದವು.

*

ಮುನಿಶಾಮಯ್ಯ ಇಪ್ಪತ್ತೆಂಟು ವರ್ಷ ಪಂಚಾಯ್ತಿಯ ನೀರುಗಂಟಿಯಾಗಿದ್ದವನು. ಯಾವ ಬೀದಿಗೆ ಎಷ್ಟು ಹೊತ್ತು ನೀರು ಬಿಡಬೇಕೆಂಬುದು ಅವನ ಕೈಗೇ ಗೊತ್ತಿತ್ತು. ಬಾಣಂತಿಯಿದ್ದ ಬೀದಿಗೆ ಯಾರೂ ಕೇಳದೆಯೇ ಕಾಲು ಗಂಟೆ ಹೆಚ್ಚು. ಲಕ್ವ ಹೊಡೆದು ಬಲಭಾಗ ಬಿದ್ದುಹೋದ ಮೇಲೆ ಮಂಚವೇ ಅವನ ಊರಾಯಿತು. ಹೊತ್ತು ಹೋಗಲೆಂದು ಮಗ ಮಹೇಂದ್ರ ರಾಮನಗರದಿಂದ ಮೀನಿನ ತೊಟ್ಟಿ ತಂದುಕೊಟ್ಟ. ಬಕೆಟ್ಟಿನಲ್ಲಿ ನೀರು ಬದಲಿಸಿ ಬದಲಿಸಿ ಹೆಂಡತಿಗೆ ಸೊಂಟ ಹಿಡಿದುಕೊಂಡಿತು. ಅದನ್ನು ನೋಡಲಾರದೆ ಅವನು ಮಲಗಿದಲ್ಲಿಂದಲೇ ಹೇಳಿ ಹೇಳಿ ಈ ಏರ್ಪಾಡು ಮಾಡಿಸಿದ. ನೀರು ಹನಿಹನಿಯಾಗಿ ಬರಬೇಕು, ಬಂದಷ್ಟೂ ಹೋಗಬೇಕು.

ಒಂದು ಬೆಳಿಗ್ಗೆ ಅವಳು ಡೇರಿಗೆ ಹಾಲು ಹಾಕಲು ಹೋಗಿದ್ದಾಗ ಪೈಪಿನ ಬಾಯಿಗೆ ಪಾಚಿ ಕಟ್ಟಿಕೊಂಡಿತು. ಬಂದು ನೋಡಿದರೆ ನೆಲವೆಲ್ಲ ನೀರು. ಮಂಚದ ಕೆಳಗೆ ಒಂದು ಮೀನು ಸತ್ತು ಬಿದ್ದಿತ್ತು. ಅವನು ಎಡಗೈಯಲ್ಲಿ ಮಂಚದ ಪಟ್ಟಿಯನ್ನು ಹಿಡಿದುಕೊಂಡೇ ಇದ್ದ.

"ಒಂದ್ ಗಂಟೆ ನೋಡ್ತಾ ಬಿದ್ದಿದ್ದೆ ಕಣೆ," ಎಂದ. "ಇಡೀ ಊರಿಗೆ ನೀರು ಬುಡ್ತಿದ್ದೋನು ನಾನು."

ಅವಳು ನೆಲ ಒರೆಸಿದಳು. ಸತ್ತ ಮೀನನ್ನು ಅವನ ಕಣ್ಣಿಗೆ ಬೀಳದ ಹಾಗೆ ಸೆರಗಿನಲ್ಲಿ ಒಯ್ದಳು.

*

ಗಾಜಿನ ಹೊರಮೈಯಲ್ಲಿ ನೀರಿನ ಮೊದಲ ಗೆರೆ ಇಳಿಯಿತು. ಚಿಕ್ಕಲಕ್ಷ್ಮಮ್ಮನಿಗೆ ಇನ್ನು ತಡೆಯಲಾಗಲಿಲ್ಲ. ಬಾಗಿಲ ಬಳಿ ನಿಂತಿದ್ದ ಪಕ್ಕದ ಮನೆಯ ಹುಡುಗಿಯನ್ನು ಕರೆದಳು.

"ಕೆಹಕಶಾನ್, ಹಿತ್ಲಲ್ಲಿ ಮೀನಿನ ಪೈಪ್ ಮ್ಯಾಲೆ ಕುರ್ಚಿ ಮಡಗವ್ರೆ. ಒಸಿ ತೆಗಿಯವ್ವ."

ಸುತ್ತಲಿನ ಹೆಂಗಸರ ಅಳು ನಿಂತಿತು.

"ಗಂಡ ಇಲ್ಲಿ ಮಲಗವ್ನೆ," ಎಂದಳು ಬೋರಮ್ಮ, "ಇವ್ಳ ಜೀವ ಮೀನ್ ಮ್ಯಾಲೈತೆ."

ಯಾರೋ ಸೆರಗಿನ ಮರೆಯಲ್ಲಿ ನಕ್ಕರು. ಕೆಹಕಶಾನ್ ಹಿತ್ತಲಿಗೆ ಹೋದಳು. ತುಸು ಹೊತ್ತಿಗೆ ಪೈಪು ಗೊಳಗೊಳ ಎಂದಿತು, ತೊಟ್ಟಿಯ ನೀರು ತಗ್ಗಿತು. ಒಳಗೆ ಬಂದ ಹುಡುಗಿ, ಯಾರೂ ಹೇಳದಿದ್ದರೂ, ಗಾಜಿನ ಮೇಲಿನ ಗೆರೆಯನ್ನು ದುಪಟ್ಟಾದ ತುದಿಯಿಂದ ಒರೆಸಿ, ಮತ್ತೆ ಬಾಗಿಲಿಗೆ ಹೋಗಿ ನಿಂತಳು.

ಮೂರು ಗಂಟೆಗೆ ಗಂಡಸರು ಹೆಣ ಎತ್ತಿದರು. ಹೆಣ ಹೊರಟ ಮನೆಯಲ್ಲಿ ಕೂಡಿಟ್ಟ ನೀರು ಉಳಿಯಬಾರದು. ಹೆಂಗಸರು ಹಂಡೆ, ಕೊಡ, ಡ್ರಮ್ಮುಗಳನ್ನೆಲ್ಲ ಬಗ್ಗಿಸಿ ಚೆಲ್ಲಿದರು. ಛಾವಣಿಯ ಟ್ಯಾಂಕು ಯಾರಿಗೂ ನೆನಪಾಗಲಿಲ್ಲ. ಕೊನೆಗೆ ಬೋರಮ್ಮ ಚೊಂಬು ಹಿಡಿದು ಮೀನಿನ ತೊಟ್ಟಿಯತ್ತ ಬಂದಳು. ಚಿಕ್ಕಲಕ್ಷ್ಮಮ್ಮ ಅಡ್ಡ ನಿಂತಳು.

"ಇದು ಕೂಡಿಟ್ಟ ನೀರಲ್ಲಕ್ಕ. ಬತ್ತಾನೇ ಐತೆ, ಓಯ್ತಾನೇ ಐತೆ. ನಿಮ್ಮ ತಮ್ಮ ಮಾಡಿದ್ದು."

"ಎಲ್ಲಿಗೋಯ್ತದೆ?"

"ಹಿತ್ಲಿಗೆ. ನೋಡೋಗಿ."

ಬೋರಮ್ಮ ನಂಬದ ಮುಖ ಮಾಡಿಕೊಂಡೇ ಹೋದಳು. ಗಂಡ ಸತ್ತ ದಿನ ಹೊಸಿಲು ದಾಟುವಂತಿರದ ಚಿಕ್ಕಲಕ್ಷ್ಮಮ್ಮ ಕಿಟಕಿಯ ಸರಳು ಹಿಡಿದು ನೋಡಿದಳು. ಹಿತ್ತಲಿನ ಕೆಸರಿನಲ್ಲಿ ಬೋರಮ್ಮ ಕುಕ್ಕರುಗಾಲಲ್ಲಿ ಕೂತಿದ್ದಳು. ಚೊಂಬನ್ನು ಪಕ್ಕಕ್ಕಿಟ್ಟು, ನೂಲಿನಂಥ ಧಾರೆಗೆ ಬೊಗಸೆಯೊಡ್ಡಿದ್ದಳು. ಬೊಗಸೆ ತುಂಬಿ, ನೀರು ಮೊಣಕೈಗಿಳಿದು, ಸೀರೆಯೆಲ್ಲ ನೆನೆಯುತ್ತಿದ್ದರೂ ಕೈ ತೆಗೆಯಲಿಲ್ಲ.