ಕಂಡುವಾ ಬದಲಿಸುವ ದಿನ

ಹಾಕ್ಕೊಂಡ ಕಂಡುವಾ ಬದಲಿ ಮಾಡಂಗಿಲ್ಲ ಅತ್ತಿ, ನಿಮ್ಮ ಮ್ಯಾಲಾಣಿ – ಮೊದಲ ಸಲ ಚುನಾವಣೆಗೆ ನಿಂತ ವರ್ಷ, ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು, ಕೊರಳಿಗೆ ಬಿದ್ದ ಆ ಕಂಡುವಾ, ಪಕ್ಷದ ಶಲ್ಯವನ್ನು ಮುಟ್ಟಿಕೊಂಡು ಅತ್ತೆಗೆ ತಾನೇ ಆಡಿದ ಮಾತು, ನಾರಾಯಣಪೇಟೆ ದಾಟಿ ಮಕ್ತಲ್ ಕಡೆ ಓಡುತ್ತಿರುವ ಕಾರಿನ ಕಿಟಕಿಗೆ ಬೆಳಗಿನ ಬಿಸಿಲಿನ ಹಾಗೆ ಬಂದು ಬಡಿಯಿತು, ಬಡಿಯಲಿ, ಉಮಾಶ್ರೀ ಕಣ್ಣು ಕಿರಿದು ಮಾಡಿದಳೇ ಹೊರತು ಮುಖ ತಿರುಗಿಸಲಿಲ್ಲ. ಆಗಿನ ದನಿ ಎಷ್ಟು ಸಣ್ಣದು, ಮೈಕ್ ಕಂಡರೆ ಹಿಂದೆ ಸರಿಯುತ್ತಿದ್ದಳು, ಈಗ ಮೈಕ್ ಇಲ್ಲದೆಯೂ ನೇಕಾರರ ಓಣಿಯ ಆ ತುದಿಗೆ ಕೇಳುತ್ತದೆ, ಎರಡು ಸಲ ಗೆದ್ದ ಕೌನ್ಸಿಲರ್ ದನಿ. ಆದರೆ ಮೊದಲ ಗೆಲುವು ತನ್ನದಲ್ಲ, ಅತ್ತೆ ಅನ್ನಮ್ಮನದು – ಅದಕ್ಕೂ ಹಿಂದಿನ ಕೌನ್ಸಿಲರ್ ಗೆದ್ದ ಮರುದಿನವೇ ಪಕ್ಷ ಜಿಗಿದಿದ್ದ, ಜನ ಅವನ ಹೆಸರೆತ್ತಿದರೆ ಉಗುಳುತ್ತಿದ್ದರು, ಆಗ ಅನ್ನಮ್ಮ ಮನೆ ಮನೆ ತಿರುಗಿ, ನನ್ನ ಸೊಸಿ ಜಿಗಿಯಾಕಿ ಅಲ್ರವ್ವಾ, ನಾ ಅದೀನಿ ಹೊಣಿ, ನನ್ನ ಮಾರಿ ನೋಡಿ ಹಾಕ್ರಿ ಅಂದಳು, ಅವಳ ಮಾರಿ ನೋಡಿಯೇ ಹಾಕಿದರು. ಇವತ್ತು ಗದ್ವಾಲದಲ್ಲಿ ಆಳುವ ಪಕ್ಷದ ಸಭೆ. ಅವಳ ಕೊರಳಿನಿಂದ ಹಳೇ ಪಕ್ಷದ ಬದನೆಕಾಯಿ ಬಣ್ಣದ ಕಂಡುವಾ ಹೋಗಿ ಇವರ ಹಸಿರು ಬೀಳುತ್ತದೆ, ಹಸಿರು ಬಿದ್ದರೆ ಓಣಿಗೆ ನೂಲಿಗೆ ಬಣ್ಣ ಹಾಕುವ ಶೆಡ್ಡು, ನೂಲು ಅದ್ದಿದ ನೀರಿಗೆ ಒಂದು ಮುಚ್ಚಿದ ಗಟಾರ, ಅಷ್ಟೇ, ಎರಡು ಅವಧಿಗೆ ಕೇಳಿದ್ದು ಅಷ್ಟೇ, ಯಾವ ಮೇಜಿನ ಮುಂದೆ ನಿಂತರೂ ನೀವು ಆ ಕಡೆಯವರಲ್ಲವೇನಮ್ಮಾ ಎಂಬ ನಗು. ಮತ್ತೆ ಸ್ರವಂತಿಯ ಬಿಳಿ ಕಾಲುಚೀಲ. ಇಸ್ಕೂಲಿಗೆ ಹೊರಟ ಮಗಳು ಹರಿಯುವ ಬಣ್ಣದ ನೀರು ತುಳಿದು ಓಣಿ ದಾಟುವಷ್ಟರಲ್ಲಿ ಒಂದು ಕಾಲು ನೀಲಿ, ಒಂದು ಕಾಲು ಕೆಂಪು, ಟೀಚರು ದಿನಾ ಬಾಗಿಲ ಹೊರಗೆ ನಿಲ್ಲಿಸಿ ಬಿಚ್ಚಿಸುತ್ತಾರೆ, ಬಿಚ್ಚಿದರೆ ಒಳಗೆ ಪಾದವೂ ಅದೇ ಬಣ್ಣ, ತೊಳೆದರೆ ಹೋಗುವುದಿಲ್ಲ, ಬೆರಳ ಸಂದಿಯಲ್ಲಿ ಹುಣ್ಣು.

ಜನಕ್ಕೇನು, ಜನ ಎರಡೂ ಕಡೆ ಮಾತಾಡುತ್ತಾರೆ, ಅದು ಅವಳಿಗೆ ಬಾಯಿಪಾಠ – ಇವತ್ತು ಹಲ್ಲುಜ್ಜುವ ಮೊದಲೇ ಕಟ್ಟೆಯ ಮೇಲೆ ಕೂತಿದ್ದ ಎಲ್ಲಪ್ಪನೇ ನೋಡು, ಪಿಂಚಣಿ ಯಾಕ ಬಂದಿಲ್ರಿ ಅಂತ ಬಂದವನು, ಚಾ ಕುಡಿದು, ಲೋಟ ಇಟ್ಟು, ಅಧಿಕಾರ ಇರೋ ಕಡಿ ಹೋಗಬೇಕವ್ವ, ಒಣಗಿದ ಬಾವ್ಯಾಗ ಎಷ್ಟ ದಿನ ಹಗ್ಗ ಇಳಸ್ತಿ ಅಂದ, ಅದೇ ಎಲ್ಲಪ್ಪ ನಾಳೆ ಹೋಟೆಲಿನಲ್ಲಿ ಕೂತು ಆಕಿಗೂ ರೊಕ್ಕ ಮುಟ್ಟಿರಬೇಕು ಬಿಡ್ರಿ ಅನ್ನುತ್ತಾನೆ. ಅನ್ನಲಿ. ಸತ್ತವರ ಮನೆಗೆ ಹೋಗದಿದ್ದರೆ ಸೊಕ್ಕು, ಹೋದರೆ ಓಟಿನ ಅಳು, ಮದುವೆಯಲ್ಲಿ ಊಟ ಮಾಡದಿದ್ದರೆ ದೊಡ್ಡವರಾದರು, ಮಾಡಿದರೆ ನಮ್ಮದೇ ತಿಂದರು, ಮಗುವಿಗೆ ಜ್ವರ ಬಂದ ದಿನವೂ ದಾಮರಗಿದ್ದದಲ್ಲಿ ಯಾರದೋ ನಾಮಕರಣದ ತೊಟ್ಟಿಲು ತೂಗಿ ಬಂದಿದ್ದಾಳೆ, ತನ್ನ ಮಗುವಿನ ಹಣೆಗೆ ಒದ್ದೆಬಟ್ಟೆ ಅತ್ತೆಯೇ ಹಾಕಿದ್ದು. ಸೀರೆಯನ್ನು ಕೊಳ್ಳುವ ಮುಂಚೆ ಹೆಂಗಸರು ಬೆರಳು ಒದ್ದೆ ಮಾಡಿ ಬಣ್ಣ ಬಿಡುತ್ತದೋ ಎಂದು ಸೆರಗಿನ ಚುಂಗನ್ನು ತಿಕ್ಕಿ ನೋಡುತ್ತಾರಲ್ಲ, ಜನ ಹಾಗೆ ದಿನಾ ತಿಕ್ಕುತ್ತಾರೆ, ತಿಕ್ಕಿಸಿಕೊಳ್ಳಲು ಅವಳಿಗೇನೂ ಭಯವಿಲ್ಲ, ಈ ಕೆಲಸ ತನಗೆ ಬರುತ್ತದೆ, ಚೆನ್ನಾಗಿಯೇ ಬರುತ್ತದೆ.

ಮಕ್ತಲಿನಲ್ಲಿ ಚಾಕ್ಕೆ ನಿಲ್ಲಿಸಿದಾಗ ಡ್ರೈವರ್ ಹನುಮಂತು ಕನ್ನಡಿಯಲ್ಲಿ ನೋಡಿ ಕೆಮ್ಮಿದ, ಅಮ್ಮಾ ಒಂದ್ ಮಾತು, ಬೈಬ್ಯಾಡ್ರಿ, ನಿಮ್ಮ ಸೀರಿ ಹಳೇ ಪಾರ್ಟಿದೈತಿ – ಅವಳು ಬಗ್ಗಿ ನೋಡಿಕೊಂಡಳು, ಹೌದು, ಅಪ್ಪಟ ಬದನೆಕಾಯಿ, ಸ್ರವಂತಿಯ ಡಬ್ಬಿ ಕಟ್ಟುವ ಗದ್ದಲದಲ್ಲಿ ಮೇಲಿದ್ದದ್ದನ್ನು ಎಳೆದು ಸುತ್ತಿಕೊಂಡದ್ದು, ನಗು ಬಂತು, ಗಂಡ ಮಲ್ಲೇಶ ಹೋದ ವರ್ಷ ಹಳೇ ಪಕ್ಷದ ಸನ್ಮಾನಕ್ಕೆಂದು ಒಂದು ಸೀರೆ ಬೇಕು ಅಂದರೆ ಮಗ್ಗಕ್ಕೆ ಎಂಟು ಸೀರೆಗಾಗುವಷ್ಟು ಉದ್ದನೂಲಿನ ಹಾಸು ಏರಿಸಿಬಿಟ್ಟಿದ್ದ, ನಮ್ಮ ಮಗ್ಗದಾಗ ಒಂದs ಅಂತ ಇಳಿಯಂಗಿಲ್ಲ, ಎಂಟಕ್ಕ ಎಂಟೂ ಇಳಿಬೇಕು ಅಂತ ಅವನ ವಾದ, ಅಷ್ಟರಲ್ಲಿ ಸನ್ಮಾನವೇ ರದ್ದಾಗಿ, ಅಂದಿನಿಂದ ಮನೆಯಲ್ಲಿ ಬದನೆಕಾಯಿಯದೇ ರಾಜ್ಯ, ಅಡುಗೆಗೂ ಅದೇ, ಆಸ್ಪತ್ರೆಗೂ ಅದೇ. ಗದ್ವಾಲದಾಗ ಒಂದು ಹಸಿರು ತಗೊಂಡ್ರಾತಲ್ರಿ, ಹನುಮಂತು ಅಂದ. ನಾರಾಯಣಪೇಟಿ ನೇಕಾರನ ಹೆಣ್ತಿ ಗದ್ವಾಲದಾಗ ಸೀರಿ ಕೊಂಡ್ರ ನನ್ನ ಗಂಡ ಮನಿಯೊಳಗ ಬಿಟ್ಟುಕೊಂತಾನೇನೋ, ಪಾರ್ಟಿ ಬಿಟ್ರ ಬ್ಯಾರೆಯೋರು ಸಿಗತಾರ, ನಮ್ಮ ಮಗ್ಗದ ಸೀರಿ ಬಿಟ್ರ ಮಲ್ಲೇಶ ಸಿಗಂಗಿಲ್ಲ, ನಡಿ. ಹನುಮಂತು ನಕ್ಕು ಚಾ ಚೆಲ್ಲಿಕೊಂಡ.

ಜುರಾಲಾ ಅಣೆಕಟ್ಟಿನ ಮೇಲೆ ಕಾರು ಸಾಗುವಾಗ ಎರಡೂ ಕಡೆ ನೀರು, ಗಾಳಿ, ಎಷ್ಟು ಸ್ವಚ್ಛ ನೀರು, ಇದರಲ್ಲಿ ಕಾಲಿಟ್ಟರೆ ಕಾಲು ಕಾಲಿನ ಬಣ್ಣದಲ್ಲೇ ಇರುತ್ತದೆ – ಅವಳೇ ಅತ್ತೆಗೆ ಫೋನ್ ಹಚ್ಚಿದಳು, ವೇದಿಕೆ ಏರಿದವರೆಲ್ಲ ಹೇಳುವ ಮಾತೊಂದಿದೆಯಲ್ಲ, ನನ್ನ ಜನ ಕಳಿಸಿದರು, ಬಂದೆ, ಆ ಮಾತು ಈ ಸಲ ನಿಜವೇ ಆಗಲಿ ಎಂದು. ಅತ್ತಿ, ನೀವs ಹೋಗು ಅಂದ್ರಿ ಅಂತ ಮೈಕಿನಾಗ ಹೇಳ್ತೀನ್ರಿ. ಆ ಕಡೆ ರಾಟೆಯ ಸದ್ದು ನಿಂತಿತು. ನಾ ಯಾವಾಗ ಅಂದೆ, ಅನ್ನಮ್ಮ ಕೇಳಿದಳು. ಶೆಡ್ ಬ್ಯಾಡೇನ್ರಿ ಮತ್ತ. ಬೇಕು, ಯಾಕ ಬ್ಯಾಡ, ಹುಡುಗಿ ಕಾಲಿಗೆ ದಿನಾ ಎಣ್ಣಿ ಹಚ್ಚಾಕಿ ನಾನು, ಹೋಗು, ಹಸಿರು ಹಾಕ್ಕೊಂಡ್ ಬಾ, ತಡೆಯಂಗಿಲ್ಲ, ಆದ್ರ ಮಂದಿ ಕೇಳಿದ್ರ ನನ್ನ ಸೊಸಿ ಮಾತು ಮುರದ್ಲು ಅಂತ ನಾ ಹೇಳಾಕಿ, ನಾನs ಆ ಮಾತಿನಿಂದ ಬಿಡಿಸಿದೆ ಅಂತ ನನ್ನ ಬಾಯಾಗ ಹಾಕಬ್ಯಾಡ. ಆತ್ರಿ. ಮತ್ತ ಮಧ್ಯಾಹ್ನ ಉಣ್ಣಾಕ ಬರ್ತಿಯೋ, ರೊಟ್ಟಿ ತಟ್ಟಲೋ ಬ್ಯಾಡೋ. ತಟ್ರಿ.

ಫೋನು ಮಡಿಲಲ್ಲಿ ಬೆಚ್ಚಗಿತ್ತು. ಬೈದಿದ್ದರೆ ಉತ್ತರ ಕೊಡಬಹುದಿತ್ತು, ಅತ್ತಿದ್ದರೆ ಸಮಾಧಾನ, ಆಶೀರ್ವಾದ ಮಾಡಿದ್ದರೆ ಕಾಲಿಗೆ ನಮಸ್ಕಾರ, ಇದಕ್ಕೇನು ಕೊಡುವುದು, ರೊಟ್ಟಿ ತಟ್ಟುತ್ತೇನೆ ಅನ್ನುವವಳಿಗೆ – ಗದ್ವಾಲದ ಸಭಾಂಗಣದ ಬಾಗಿಲಲ್ಲಿ ಆಳುವ ಪಕ್ಷದ ಕಾರ್ಯಕರ್ತ ಸಾಯಿನಾಥ ಓಡಿ ಬಂದ, ಸೀರೆ ನೋಡಿ ಹಣೆ ಹಿಡಿದುಕೊಂಡ, ಕಂಡುವಾ ಅಗಲ ಹರವಿಕೊಳ್ರಮ್ಮಾ, ಫೋಟೋದಾಗ ಮುಚ್ಚತೈತಿ, ಮೈಕಿನಾಗ ಒಂದೆರಡು ಮಾತು, ಜನರ ಒತ್ತಾಯಕ್ಕ ಬಂದೆ ಅಂತ. ಅವಳು ಹರವಿಕೊಳ್ಳುವುದಿಲ್ಲ ಅಂದಳು. ವೇದಿಕೆಯ ಮೆಟ್ಟಿಲು ಗಟ್ಟಿಯಾಗಿತ್ತು, ಅವಳ ಕಾಲೂ ಗಟ್ಟಿಯಾಗಿತ್ತು, ಮೈಕು ಅವಳ ಬಾಯಿಯ ಎತ್ತರಕ್ಕೆ ತಾನಾಗಿ ಬಂದ ಹಾಗಿತ್ತು, ಯಾರೂ ನನ್ನ ಕಳಿಸಿಲ್ಲ, ನಮ್ಮ ಓಣಿಗೆ ಶೆಡ್ಡು ಗಟಾರು ಬೇಕು, ಅದಕ್ಕ ಬಂದೀನಿ, ನಮ್ಮತ್ತಿ ಒಪ್ಪಿಲ್ಲ – ಯಾರೋ ನಕ್ಕರು, ಯಾರೋ ಚಪ್ಪಾಳೆ ಹೊಡೆದರು, ಮುಂದಿನ ಸಾಲಿನ ಒಬ್ಬಳು ಫೋನು ಎತ್ತಿ ಹಿಡಿದಳು, ಈ ವಿಡಿಯೊ ತನಗಿಂತ ಮೊದಲೇ ಓಣಿ ಮುಟ್ಟುತ್ತದೆ, ಮುಟ್ಟಲಿ, ನಾಯಕರು ಹಸಿರು ಶಲ್ಯ ಬಿಡಿಸಿ ಎರಡೂ ಕೈಯಲ್ಲಿ ಎತ್ತಿದರು, ಉಮಾಶ್ರೀ ಕೊರಳು ಬಗ್ಗಿಸಿದಳು, ಬಗ್ಗಿಸಿದ ಕಣ್ಣಿಗೆ ವೇದಿಕೆಯ ಹಲಗೆಯಿಲ್ಲ, ಜನವಿಲ್ಲ, ಒಂದು ಕಾಲು ನೀಲಿ, ಒಂದು ಕಾಲು ಕೆಂಪು, ಬಿಳಿ ಕಾಲುಚೀಲ, ಇಸ್ಕೂಲಿನ ಬಾಗಿಲ ಹೊರಗೆ, ಒಂದು ನೀಲಿ, ಒಂದು ಕೆಂಪು.

ಅತ್ತೆಗೆ ಕೊಟ್ಟ ಮಾತನ್ನು ಅವಳು ಮುರಿದಳು.