ಕುರಿಯ ಕಿವಿ, ಮಲಕಮ್ಮನ ಜ್ವರ

ಕುರಿಗೆ ಜ್ವರ ಬಂದಿದೆಯೋ ಇಲ್ಲವೋ ಎಂದು ತಿಳಿಯಲು ದೇವಿಂದ್ರಪ್ಪನಿಗೆ ಯಾವ ಡಾಕ್ಟರೂ ಬೇಕಿರಲಿಲ್ಲ. ಕಿವಿಯ ಬುಡ ಹಿಡಿದು ಹೇಳಿಬಿಡುತ್ತಿದ್ದ. ಸುರಪುರದ ಸುತ್ತಮುತ್ತಲಿನ ಕುರಿಗಾರರೆಲ್ಲ ಅವನ ಕೈಯನ್ನು ನಂಬಿದವರೇ. ಆದರೆ ಆ ಮಧ್ಯಾಹ್ನ ಅವನ ಮುಂದೆ ನಡುಗುತ್ತ ಮಲಗಿದ್ದು ಕುರಿಯಲ್ಲ, ಹೆಂಡತಿ ಮಲಕಮ್ಮ.

ಮಲಕಮ್ಮನಿಗೆ ಎದೆಯಲ್ಲಿ ಗಡ್ಡೆಯಾಗಿತ್ತು. ಅದು ಕ್ಯಾನ್ಸರ್ ಎಂದು ತಿಳಿದ ಮೇಲೆ ಕಲಬುರಗಿಯ ಆಸ್ಪತ್ರೆಯಲ್ಲಿ ಕಿಮೋ ಶುರುವಾಯಿತು. ಮೊದಲ ಸಲ ವಾಂತಿ, ಬಾಯಿ ತುಂಬ ಹುಣ್ಣು. ಎರಡನೇ ಸಲ ಹೋಗಿ ಬಂದು ವಾರ ಕಳೆಯುವಷ್ಟರಲ್ಲಿ ಕೂದಲು ಹಿಡಿಹಿಡಿಯಾಗಿ ಕಂಬಳಿಗೆ ಅಂಟತೊಡಗಿತು. ಅದನ್ನು ಕಂಡ ದಿನ ದೇವಿಂದ್ರಪ್ಪನಿಗೆ ಅನ್ನ ಸೇರಲಿಲ್ಲ. ಗಡ್ಡೆಗಿಂತ ಮೊದಲು ಈ ಮದ್ದೇ ಇವಳನ್ನು ತಿಂದುಹಾಕುತ್ತದೆ ಎಂಬ ಭಯ ಅವನೊಳಗೆ ಹೊಕ್ಕು ಕೂತಿತು. ಮೂರನೇ ಕಿಮೋಗೆ ಕರೆದೊಯ್ಯುವುದೇ ಇಲ್ಲ ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟಿದ್ದ.

“ಚಳಿ ಭಾಳ ಆಗಾಕತ್ತದ,” ಎಂದಳು ಮಲಕಮ್ಮ. ಹಲ್ಲು ಕಟಕಟ ಎನ್ನುತ್ತಿತ್ತು.

ರೂಢಿಯಂತೆ ಅವನ ಕೈ ಅವಳ ಕಿವಿಗೇ ಹೋಯಿತು. ತಣ್ಣಗಿತ್ತು.

“ಜ್ವರ ಇಲ್ಲ ಬಿಡು. ಹೊಟ್ಟಿಗಿ ಕೂಳಿಲ್ಲ, ಅದಕ್ಕ ತಾಕತ್ತಿಲ್ಲ,” ಎಂದು ಇನ್ನೊಂದು ಕಂಬಳಿ ಹೊದಿಸಿದ. ಹಿತ್ತಲಿಗೆ ಹೋಗಿ ಆಡಿನ ಹಾಲು ಹಿಂಡಿ, ನೊರೆ ಆರುವ ಮೊದಲೇ ಹಸಿಹಾಲನ್ನು ಗ್ಲಾಸಿಗೆ ಸುರಿದು ತಂದ. ಅವನ ಮನೆತನದಲ್ಲಿ ಬಾಣಂತಿಗೂ ಅದೇ ಟಾನಿಕ್ಕು, ಮುದುಕರಿಗೂ ಅದೇ.

ಅಷ್ಟರಲ್ಲಿ ಭೀಮಾಬಾಯಿ ಬಂದಳು. ಅದೇ ಓಣಿಯ ಕಿರಾಣಿ ಅಂಗಡಿಯವಳು, ಬಾಯಿ ಜೋರು, ಕರುಳು ಮೆತ್ತಗೆ. ಕೆಲವು ವರ್ಷಗಳ ಹಿಂದೆ ಅವಳೂ ಇದೇ ರೋಗಕ್ಕೆ ಕಿಮೋ ತೆಗೆದುಕೊಂಡು ಗೆದ್ದು ಬಂದವಳು.

“ಆ ಹಾಲು ಕಾಸೀಯೇನು, ತಮ್ಮಾ?”

“ಕಾಸಿದ್ರ ಸತ್ವ ಹೋಗ್ತದಲ್ಲಕ್ಕಾ.”

“ಸತ್ವ ಎಲ್ಲೂ ಹೋಗೂದಿಲ್ಲ, ಅದರಾಗಿನ ಕ್ರಿಮಿ ಸಾಯ್ತಾವ. ಕೆಳಗಿಡು ಮೊದಲ!”

ಬೈಯುತ್ತಲೇ ಬಂದು ಮಲಕಮ್ಮನ ಕುತ್ತಿಗೆ ಮುಟ್ಟಿದವಳು ಬಿಸಿ ತಾಗಿ ಚಟ್ಟನೆ ಕೈ ತೆಗೆದಳು.

“ಜ್ವರ ನೋಡೀಯೇನು?”

“ಕಿವಿ ಹಿಡಿದು ನೋಡೀನಕ್ಕಾ. ತಣ್ಣಗದ.”

“ಅಯ್ಯ ಹುಚ್ಚಪ್ಪಾ! ಚಳಿ ಹತ್ತಿದಾಗ ಕೈಕಾಲು, ಕಿವಿ ಎಲ್ಲಾ ತಣ್ಣಗೇ ಇರ್ತಾವ. ಒಳಗ ಬೆಂಕಿ ಇರ್ತದ.”

ಓಡುತ್ತ ಮನೆಗೆ ಹೋಗಿ ಥರ್ಮಾಮೀಟರ್ ತಂದು ಮಲಕಮ್ಮನ ಕಂಕುಳಿಗೆ ಇಟ್ಟಳು. ಅದು ಕುಂಯ್ ಎಂದಾಗ ತೆಗೆದು ಬೆಳಕಿಗೆ ಹಿಡಿದಳು. ನೂರಾ ಒಂದು ಡಿಗ್ರಿ ತೋರಿಸಿತು.

ದೇವಿಂದ್ರಪ್ಪ ಗುಳಿಗೆ ಹುಡುಕಲು ಗೂಡಿಗೆ ಕೈ ಹಾಕಿದ. “ಒಂದು ಜ್ವರದ ಗುಳಿಗಿ ಕೊಡೂಣ. ನಾಳಿ ಮುಂಜಾನಿ ದವಾಖಾನಿಗಿ...”

“ನಾಳಿ ಅಂತ ಕುಂತ್ರ ಆಕಿ ಕೈಗಿ ಸಿಗೂದಿಲ್ಲ!” ಭೀಮಾಬಾಯಿ ಅವನ ಕೈ ತಡೆದಳು. “ಕಿಮೋ ಗಡ್ಡಿ ಜೋಡಿ ಮೈಯಾಗಿನ ಕಾವಲು ಕಾಯೂ ರಕ್ತಕಣನೂ ಹೊಡೀತದ. ಆ ಹೊತ್ತಿನ್ಯಾಗ ಜ್ವರ ಬಂದ್ರ ತಾಸಿನ ಮ್ಯಾಲ ತಾಸು ಅಪಾಯ. ಡಾಕ್ಟರನ್ನ ಕೇಳದ ಗುಳಿಗಿ ಕೊಟ್ರ ಜ್ವರ ಅಡಗ್ತದ, ಸೋಂಕು ಒಳಗ ಬೆಳೀತದ. ಆಸ್ಪತ್ರಿಗಿ ಫೋನ್ ಹಚ್ಚು, ಜಲ್ದಿ!”

ಫೋನಿನಲ್ಲಿ ನರ್ಸ್ ಹೇಳಿದ್ದೂ ಅದನ್ನೇ. ಹತ್ತಿರದ ದೊಡ್ಡ ಆಸ್ಪತ್ರೆಗೆ ಈಗಲೇ ಹೊರಡಿ, ಹೋದ ಕೂಡಲೇ ‘ಕಿಮೋ ನಡೆದಿದೆ, ಜ್ವರ ಬಂದಿದೆ’ ಎಂದು ಹೇಳಿ, ಸಾಲಿನಲ್ಲಿ ಕಾಯಬೇಡಿ ಎಂದಳು.

ಊರಿನಲ್ಲಿ ಬಾಡಿಗೆಗೆ ಓಡಿಸುವ ಬಾಷುಮಿಯಾನ ಜೀಪು ಮೂವರನ್ನೂ ಹತ್ತಿಸಿಕೊಂಡು ಸುರಪುರದ ಕಡೆ ಹೊರಟಿತು. ಅಷ್ಟು ಹೊತ್ತು ಗಂಟಲಲ್ಲಿ ಇಟ್ಟುಕೊಂಡಿದ್ದ ಮಾತು ದೇವಿಂದ್ರಪ್ಪನ ಬಾಯಿಂದ ಹೊರಬಿತ್ತು. “ಇದೊಂದು ಪಾರಾಗ್ಲಿ ಅಕ್ಕಾ. ಇನ್ನ ಆ ಕಿಮೋ ಸಾಕು. ಆಕಿ ತಲಿ ನೋಡ್ರಿ, ಏನ್ ಉಳದದ?”

ಭೀಮಾಬಾಯಿ ತಲೆಯ ಮೇಲಿನ ಸೆರಗು ಜಾರಿಸಿದಳು. ಕೈತುಂಬ ತುರುಬು. “ನನ್ನ ತಲಿನೂ ಬೋಳಾಗಿತ್ತು. ನೀ ಕುರಿ ತುಪ್ಪಟ ಕತ್ತರಸ್ತೀ, ತಿರಿಗಿ ಬರೂದಿಲ್ಲೇನು? ಮದ್ದು ಮುಗಿದ ಮ್ಯಾಲ ಕೂದಲೂ ಬರ್ತಾವ. ಸುಸ್ತೂ ಹೋಗ್ತದ. ನಡುವ ನೀನಾಗೇ ಬಿಟ್ರ ಗಡ್ಡಿ ಸುಮ್ಮನಿರ್ತದೇನು?”

ದೇವಿಂದ್ರಪ್ಪ ಜಾರಿದ ಕಂಬಳಿಯನ್ನು ಮಲಕಮ್ಮನ ಹೆಗಲಿಗೆ ಎಳೆದು ಹೊದಿಸಿದ.

“ವಾಂತಿ ಗುಳಿಗಿ ಹ್ಯಾಂಗ ಕೊಟ್ಟಿ?” ಎಂದು ಕೇಳಿದಳು ಭೀಮಾಬಾಯಿ.

“ವಾಂತಿ ಆದ ಮ್ಯಾಲ.”

“ಅದೇ ತಪ್ಪು. ಡಾಕ್ಟರು ಹೇಳಿದ ಹೊತ್ತಿಗಿ, ವಾಂತಿ ಬರೂ ಮೊದಲೇ ಕೊಡಬೇಕು. ತಾಟು ತುಂಬ ನೀಡಿ ಉಣ್ಣು ಉಣ್ಣು ಅನಬ್ಯಾಡ. ತುಸು ತುಸು, ಮ್ಯಾಲಿಂದ ಮ್ಯಾಲ ಕೊಡು. ನೀರೂ ಗುಟುಕು ಗುಟುಕು. ಬಾಯಿ ಹುಣ್ಣಿಗಿ, ಕಾಸಿ ಆರಿಸಿದ ನೀರಾಗ ಉಪ್ಪು ಹಾಕಿ ಮುಕ್ಕಳಿಸ್ಲಿ. ಖಾರ ಬ್ಯಾಡ.”

“ಖಾರ ಇಲ್ಲದ ರೊಟ್ಟಿ ಹ್ಯಾಂಗ ಇಳೀತದಕ್ಕಾ?” ಕಂಬಳಿಯೊಳಗಿಂದ ಮಲಕಮ್ಮನ ಕ್ಷೀಣ ದನಿ ಬಂತು. ಆ ಒಂದು ಮಾತಿಗೆ ದೇವಿಂದ್ರಪ್ಪನ ಕಣ್ಣು ತುಂಬಿತು.

“ರೊಟ್ಟಿ ಹಾಲಾಗ ಹಿಚುಕಿ ಉಣ್ಣು, ಕಾಸಿದ ಹಾಲಾಗ,” ಎಂದಳು ಭೀಮಾಬಾಯಿ. “ಮತ್ತ ಕುರಿದೊಡ್ಡಿ ಕಸ, ಹಿಕ್ಕಿ ನೀ ಮುಟ್ಟಬಾರದು. ಕುರಿ ಈಯಾಕತ್ರೂ ದೂರ ಇರಬೇಕು, ಅದರಿಂದನೂ ಸೋಂಕು ಬರ್ತದ.”

ದೇವಿಂದ್ರಪ್ಪ ಬೆಚ್ಚಿದ. ಮೊನ್ನೆಯಷ್ಟೇ, ಹೆಂಡತಿಯ ಮುಖದಲ್ಲಿ ನಗು ಕಾಣಲಿ ಎಂದು, ಆಗತಾನೇ ಹುಟ್ಟಿದ ಹಸಿ ಮರಿಯನ್ನು ತಂದು ಅವಳ ಮಡಿಲಿಗೆ ಹಾಕಿದ್ದ. ಪ್ರೀತಿಗೇನೋ ಕೊರತೆಯಿರಲಿಲ್ಲ. ತಿಳಿವಳಿಕೆ ಇರಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲೇ ಅವನು ಕೂಗಿದ: “ಕಿಮೋ ನಡದದ್ರಿ! ಜ್ವರ ಬಂದದ್ರಿ!” ಕೂಡಲೇ ಒಳಗೆ ಕರೆದುಕೊಂಡರು. ರಕ್ತ ತೆಗೆದು, ಸಲಾಯಿನ್ ಹಚ್ಚಿ, ಸೋಂಕಿನ ಔಷಧಿ ಶುರುಮಾಡಿ ಆಂಬುಲೆನ್ಸಿನಲ್ಲಿ ಕಲಬುರಗಿಗೆ ಕಳಿಸಿದರು. ಅಲ್ಲಿನ ಡಾಕ್ಟರಮ್ಮ ರಕ್ತದ ವರದಿ ನೋಡಿ, “ಬಿಳಿ ರಕ್ತಕಣ ಬಹಳ ಇಳಿದಿವೆ. ನಾಳೆ ಬಂದಿದ್ದರೆ ಉಳಿಸುವುದು ಕಷ್ಟವಿತ್ತು,” ಎಂದರು.

ಕೆಲವು ದಿನ ಏರುತ್ತ ಇಳಿಯುತ್ತ ಕಾಡಿದ ಜ್ವರ ಕೊನೆಗೆ ಬಿಟ್ಟಿತು. ಮನೆಗೆ ಕಳಿಸುವಾಗ ದೇವಿಂದ್ರಪ್ಪ ಡಾಕ್ಟರಮ್ಮನನ್ನು ತಾನಾಗಿಯೇ ಕೇಳಿದ: “ಮುಂದಿನ ಕಿಮೋಕ್ಕ ಯಾವಾಗ ಕರ್ಕೊಂಡು ಬರಲ್ರಿ?” ರಕ್ತಕಣ ಏರಿದ ಮೇಲೆ ಕೊಡುತ್ತೇವೆ, ಜ್ವರ ಬರದ ಹಾಗೆ ನೋಡಿಕೊಳ್ಳಲೂ ಇಂಜೆಕ್ಷನ್ ಇದೆ ಎಂದರು. ಮಲಕಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಈಗ ಅವರ ಮನೆಯಲ್ಲಿ ತುಪ್ಪಟ ಕತ್ತರಿಸುವ ಕತ್ತರಿಯ ಪಕ್ಕದ ಗೂಡಿನಲ್ಲೇ ಒಂದು ಥರ್ಮಾಮೀಟರ್ ಇದೆ. “ಏನೋ, ಕಿವಿ ಹಿಡಿಯೂದು ಬಿಟ್ಟೇನು?” ಎಂದು ಕುರಿಗಾರರು ಕಾಡಿಸುತ್ತಾರೆ.

“ಕುರಿಗಿ ಕಿವಿ,” ಎನ್ನುತ್ತಾನೆ ದೇವಿಂದ್ರಪ್ಪ. “ಮನಿಯಾಕಿಗಿ ಈ ಕಡ್ಡಿ.”

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ, ನಿಮ್ಮ ಓಣಿಯಲ್ಲಿ ಯಾರಿಗಾದರೂ ಕಿಮೋ ನಡೆದಿದ್ದರೆ ಇವತ್ತೇ ಒಂದು ಥರ್ಮಾಮೀಟರ್ ತಂದಿಡಿ. ಆಸ್ಪತ್ರೆಯ ನಂಬರು ಕೈಗೆ ಸಿಗುವಂತಿರಲಿ. ವಾಂತಿ, ಹುಣ್ಣು, ಸುಸ್ತು, ಕೂದಲು ಉದುರುವುದು ಇವಕ್ಕೆಲ್ಲ ದಾರಿಯಿದೆ. ಡಾಕ್ಟರನ್ನು ಕೇಳಿ, ನೀವಾಗಿಯೇ ಮದ್ದು ಬಿಡಬೇಡಿ. ಆದರೆ ಜ್ವರ ನೂರು ಪಾಯಿಂಟ್ ನಾಲ್ಕು ಡಿಗ್ರಿ ಮುಟ್ಟಿದರೆ, ಇಲ್ಲವೇ ಮೈ ಗಡಗಡ ನಡುಗಿದರೆ, ಹಗಲೋ ರಾತ್ರಿಯೋ ನೋಡಬೇಡಿ. ಕಂಬಳಿ ಹೊದಿಸಿ ಕೂರಬೇಡಿ, ಆ ಕಂಬಳಿಯ ಸಮೇತ ಎತ್ತಿಕೊಂಡು ಆಸ್ಪತ್ರೆಗೆ ಹೊರಡಿ.